ಚೌಕಟ್ಟಿನೊಳಗಣ ಪುಟ

ಹೋದ ತಿಂಗಳು ಒಂದು ಸಂಜೆ ನೆರೆಮನೆಯ ರಾಯರು ಲ್ಯಾಪ್‌ಟಾಪನ್ನು ಕಂಕುಳಲ್ಲಿಟ್ಟುಕೊಂಡು ನಮ್ಮ ಮನೆಗೆ ಬಂದರು. ಮುಖ ಬಾಡಿತ್ತು. ಅವರು ಮೂವತ್ತು ವರ್ಷ ದುಡಿದು ಕೂಡಿಟ್ಟ ಹಣವೆಲ್ಲ ಒಂದೇ ಬ್ಯಾಂಕಿನಲ್ಲಿದೆ. ಎಲ್ಲ ಬ್ಯಾಂಕುಗಳ ಪುಟಗಳನ್ನೂ ಒಂದೆಡೆ ತೋರಿಸುವೆನೆಂದು ಹೇಳಿಕೊಳ್ಳುವ ಯಾವುದೋ ಜಾಲತಾಣವನ್ನು ತೆರೆದಿದ್ದರಂತೆ. ಅದರ ನಡುವಣ ಚೌಕದಲ್ಲಿ ಬ್ಯಾಂಕಿನ ಪುಟಕ್ಕೆ ಬದಲಾಗಿ, ಸುರಕ್ಷತೆಯ ನಿಮಿತ್ತ ಈ ಪುಟವನ್ನು ಬೇರೊಂದು ತಾಣದೊಳಗೆ ತೋರಿಸಲಾಗದು ಎಂಬ ಅರ್ಥದ ಬರಹವಿತ್ತು.

"ಮೇಷ್ಟ್ರೇ, ನನ್ನ ಖಾತೆಗೇನಾದರೂ ಆಯಿತೇ? ಈ ತಡೆಯನ್ನು ಕಿತ್ತುಹಾಕುವ ಉಪಾಯವಿದೆಯೆಂದು ನಮ್ಮ ಸೋದರಳಿಯ ಹೇಳುತ್ತಾನೆ. ಮಾಡಿಸಿಬಿಡಲೇ?"

"ಖಾತೆ ಎಲ್ಲಿಗೂ ಹೋಗಿಲ್ಲ ರಾಯರೇ. ಆ ತಡೆಯನ್ನು ಮಾತ್ರ ಮುಟ್ಟಬೇಡಿ" ಎಂದೆನು.

ಒಂದು ಪುಟದೊಳಗೆ ಮತ್ತೊಂದನ್ನು ಗವಾಕ್ಷದಂತೆ ಕೂಡಿಸುವ ಪದ್ಧತಿ 1990ರ ದಶಕದ ನಡುಭಾಗದಿಂದ ಬಂದುದು. ಅದರಲ್ಲಿ ಸ್ವತಃ ದೋಷವಿಲ್ಲ. ಮದುವೆಯ ಛತ್ರದವರು ತಮ್ಮ ತಾಣದಲ್ಲಿ ಗೂಗಲಿನ ಭೂಪಟವನ್ನು ತೋರಿಸುವುದೂ ಹೀಗೆಯೇ. ಆದರೆ ಕಪಟಿಯಾದವನು ನಿಜವಾದ ಬ್ಯಾಂಕಿನ ಪುಟವನ್ನೇ ತಂದು, ಅದನ್ನು ಕಣ್ಣಿಗೆ ಕಾಣದಷ್ಟು ಪಾರದರ್ಶಕವಾಗಿ ಮಾಡಿ, ತನ್ನ ಪುಟದ ಮೇಲೆ ಹೊದಿಸಬಲ್ಲನು. ನಮಗೆ ಕಾಣುವುದು ಕೆಳಗಿನ "ಬಹುಮಾನ ಪಡೆಯಿರಿ" ಎಂಬ ಗುಂಡಿ. ನಮ್ಮ ಬೆರಳು ಒತ್ತುವುದು ಮೇಲಿನ ಪುಟದ "ಒಪ್ಪಿಗೆ" ಎಂಬ ಗುಂಡಿಯನ್ನು. ಹಗ್ಗವನ್ನು ಹಾವೆಂದು ಭ್ರಮಿಸುವುದು ವೇದಾಂತಿಗಳ ದೃಷ್ಟಾಂತ. ಇಲ್ಲಿ ಹಾವೇ ಹಗ್ಗವಾಗಿ ತೋರುತ್ತದೆ.

ಈ ಮೋಸಕ್ಕೆ 2008ರಲ್ಲಿ ರಾಬರ್ಟ್ ಹ್ಯಾನ್ಸೆನ್ ಮತ್ತು ಜೆರೆಮಿಯಾ ಗ್ರಾಸ್‌ಮನ್ ಎಂಬಿಬ್ಬರು "ಕ್ಲಿಕ್‌ಜಾಕಿಂಗ್" ಎಂದು ಹೆಸರಿಟ್ಟರು. ಮರುವರ್ಷವೇ ಟ್ವಿಟರಿನಲ್ಲಿ "ಒತ್ತಬೇಡಿ" ಎಂದು ಬರೆದಿದ್ದ ಗುಂಡಿಯನ್ನು ಕುತೂಹಲದಿಂದ ಒತ್ತಿದವರ ಖಾತೆಗಳಿಂದ ಅವರಿಗೆ ತಿಳಿಯದೆಯೇ ಸಂದೇಶಗಳು ಹೊರಟವು. (ಬೇಡವೆಂದರೆ ಮಾಡುವುದು ತರಗತಿಯ ಹುಡುಗರ ಸ್ವಭಾವವೆಂದು ನಾನು ಬಹುಕಾಲ ತಿಳಿದಿದ್ದೆನು!) ಅದೇ 2009ರಲ್ಲಿ ಮೈಕ್ರೋಸಾಫ್ಟಿನವರು ಇಂಟರ್ನೆಟ್ ಎಕ್ಸ್‌ಪ್ಲೋರರಿನ ಎಂಟನೆಯ ಆವೃತ್ತಿಯಲ್ಲಿ ಪ್ರತೀಕಾರವೊಂದನ್ನು ತಂದರು. "ನನ್ನನ್ನು ಪರರ ಚೌಕಟ್ಟಿನಲ್ಲಿ ತೋರಿಸಬೇಡ" ಎಂಬ ಆಜ್ಞೆಯನ್ನು ತಾಣವು ತನ್ನ ಪುಟದೊಡನೆಯೇ ಕಳುಹಿಸುತ್ತದೆ. ಬ್ರೌಸರು ಅದನ್ನು ಪಾಲಿಸುತ್ತದೆ. ಇತರ ಬ್ರೌಸರುಗಳೂ ಇದನ್ನು ಅಂಗೀಕರಿಸಿದುವು. ಏನೂ ಗುಟ್ಟಿಲ್ಲದ ಪುಟಗಳಿಗೂ ಈ ಬೀಗವನ್ನು ಜಡಿಯುವವರುಂಟು. ಅದು ಅತಿಯೆಂದೇ ನನಗೆ ತೋರುತ್ತದೆ. ಬ್ಯಾಂಕಿಗಾದರೋ ಅದು ಅವಶ್ಯವಾದುದು.

ಹಾಗೆಂದು, ಇಂತಹ ಎಚ್ಚರಿಕೆ ಕಂಡೊಡನೆ ಹೊರಗಿನ ತಾಣದವನು ಕಳ್ಳನೇ ಎಂದು ನಿಶ್ಚಯಿಸುವಂತಿಲ್ಲ, ತಿಳಿಯದೆ ಮಾಡಿರಲೂಬಹುದು. ಎಚ್ಚರಿಕೆ ಕಾಣದಿದ್ದರೆ ಎಲ್ಲವೂ ಕ್ಷೇಮವೆಂದೂ ಅಲ್ಲ. ಮೇಲಿನ ಪಟ್ಟಿಯಲ್ಲಿ ಕಾಣುವ ವಿಳಾಸವು ಹೊರಗಿನ ಪುಟದ್ದು. ಚೌಕದೊಳಗಿರುವುದು ಯಾರದೆಂಬುದನ್ನು ಅದು ಹೇಳುವುದಿಲ್ಲ. ಆದುದರಿಂದ ಚೌಕದೊಳಗೆ ಗುಪ್ತಪದವನ್ನು ಬರೆಯಲೇಬಾರದು.

ರಾಯರ ಎದುರಿನಲ್ಲಿಯೇ ಆ ತಾಣವನ್ನು ಮುಚ್ಚಿದೆವು. ಬ್ಯಾಂಕಿನವರು ಕೊಟ್ಟ ಕಾಗದದಲ್ಲಿದ್ದ ವಿಳಾಸವನ್ನು ಅವರೇ ಅಕ್ಷರ ಅಕ್ಷರವಾಗಿ ಓದಿದರು, ನಾನು ಒತ್ತಿದೆನು. ಗುಪ್ತಪದವನ್ನು ಬರೆಯುವಾಗ ನಾನು ಎದ್ದು ಅಂಗಳಕ್ಕೆ ಹೋದೆನು. "ಎಲ್ಲ ಇದೆ, ಮೇಷ್ಟ್ರೇ!" ಎಂಬ ಕೂಗು ಕೇಳಿದ ಮೇಲೆ ಕಾಫಿ ಕುಡಿದೆವು. ಸೋದರಳಿಯನನ್ನು ಭಾನುವಾರ ಕರೆತರಬೇಕೆಂದು ಹೇಳಿ ಕಳುಹಿಸಿದ್ದೇನೆ.