29 ಲಕ್ಷದ ನೋಟಿಸ್: ಕಾನೂನು ಓದುವ ಹುಡುಗರೂ ಎಡವುವ ತೆರಿಗೆ ಲೆಕ್ಕ

ಹಾವೇರಿ: ಮನೆಯ ಹುಡುಗ ಎಲ್‌ಎಲ್‌ಬಿ ಸೇರಿದ ಅಂದ್ರೆ ಮುಗೀತು, ಓಣಿಯವರ ಪಾಲಿಗೆ ಅವನೇ ವಕೀಲ. ಯಾವ ಸರ್ಕಾರಿ ಕಾಗದ ಬಂದರೂ ಮೊದಲು ಅವನ ಕೈಗೆ. 2025ರ ಜುಲೈನಲ್ಲಿ ವಾಣಿಜ್ಯ ತೆರಿಗೆ ಇಲಾಖೆ ಯುಪಿಐ ಲೆಕ್ಕ ಹಿಡಿದು ಸಣ್ಣ ವ್ಯಾಪಾರಿಗಳಿಗೆ ನೋಟಿಸ್ ಕೊಟ್ಟಿತು. ಹಾವೇರಿಯ ತರಕಾರಿ ವ್ಯಾಪಾರಿಯೊಬ್ಬರಿಗೆ ನಾಲ್ಕು ವರ್ಷದ 1.63 ಕೋಟಿ ರೂ. ವಹಿವಾಟಿಗೆ 29 ಲಕ್ಷ ರೂ. ತೆರಿಗೆ ಎಂಬ ನೋಟಿಸ್ ಬಂದದ್ದು ದೇಶದಾದ್ಯಂತ ಸುದ್ದಿಯಾಯಿತು. ಅಂಥ ನೋಟಿಸ್ ಎದುರಿಗಿಟ್ಟರೆ ಕಾನೂನು ವಿದ್ಯಾರ್ಥಿಗಳಲ್ಲೂ ಹಲವರು ತಪ್ಪು ಉತ್ತರವನ್ನೇ ಕೊಡುತ್ತಾರೆ.

ಎಲ್ಲಕ್ಕಿಂತ ಹೆಚ್ಚು ಕೇಳಿಬರುವುದು 12 ಲಕ್ಷದ ಮಾತು. 'ಹನ್ನೆರಡು ಲಕ್ಷದ ತನಕ ಟ್ಯಾಕ್ಸ್ ಇಲ್ಲಲ್ರೀ, ಮತ್ಯಾಕ ನೋಟಿಸು?' ಆ 12 ಲಕ್ಷ ಆದಾಯ ತೆರಿಗೆಯದು, ಅದೂ ಹೊಸ ಪದ್ಧತಿಯಲ್ಲಿ ಸಿಗುವ ರಿಯಾಯಿತಿ. ಜಿಎಸ್‌ಟಿ ನೋಡುವುದು ಲಾಭವನ್ನಲ್ಲ, ವಹಿವಾಟನ್ನು. ವರ್ಷಕ್ಕೆ 50 ಲಕ್ಷದ ಕಿರಾಣಿ ಮಾರಿ ಶೇ 5ರಷ್ಟು ಉಳಿಸುವವನ ಲಾಭ ಎರಡೂವರೆ ಲಕ್ಷ. ಆದಾಯ ತೆರಿಗೆ ಒಂದು ಪೈಸೆಯೂ ಇಲ್ಲ. ಆದರೆ ಜಿಎಸ್‌ಟಿ ನೋಂದಣಿ ಮಾಡಿಸಲೇಬೇಕು.

ಮಿತಿ ಎಷ್ಟು ಅಂತ ಕೇಳಿದರೆ ಬೇರ್ ಆ್ಯಕ್ಟ್ ತೆರೆದವರು 22ನೇ ಸೆಕ್ಷನ್ ತೋರಿಸಿ 20 ಲಕ್ಷ ಅನ್ನುತ್ತಾರೆ. ಬರೀ ಸರಕು ಮಾರುವವರಿಗೆ ಅದು 40 ಲಕ್ಷ ಆದದ್ದು 2019ರ ಅಧಿಸೂಚನೆಯಿಂದ. ತೆರಿಗೆ ಕಾನೂನಿನ ಅರ್ಧ ಜೀವ ಇರುವುದೇ ಇಂಥ ಅಧಿಸೂಚನೆಗಳಲ್ಲಿ. ತರಗತಿಯಲ್ಲಿ ಅವನ್ನು ಓದಿಸುವುದು ಅಪರೂಪ.

ಇನ್ನು ತರಕಾರಿ ವಿಷಯ. 1.63 ಕೋಟಿಯನ್ನು ನಾಲ್ಕಕ್ಕೆ ಭಾಗಿಸಿದರೆ ವರ್ಷಕ್ಕೆ 40 ಲಕ್ಷ ದಾಟುತ್ತದೆ, ಹಾಗಾಗಿ ತೆರಿಗೆ ಬಿತ್ತು ಅನ್ನುವುದು ಅವಸರದ ತೀರ್ಮಾನ. ತಾಜಾ ತರಕಾರಿಗೆ ಜಿಎಸ್‌ಟಿ ಇಲ್ಲ. ಅಂಥ ವಿನಾಯಿತಿ ಸರಕನ್ನಷ್ಟೇ ಮಾರುವವರು ಎಷ್ಟೇ ಕೋಟಿ ವ್ಯಾಪಾರ ಮಾಡಿದರೂ ನೋಂದಣಿ ಬೇಡ ಅಂತ 23ನೇ ಸೆಕ್ಷನ್ ಹೇಳುತ್ತದೆ.

'ಅಷ್ಟೇ' ಎಂಬ ಆ ಮಾತೇ ಇಲ್ಲಿ ದೊಡ್ಡದು. ಅದೇ ಅಂಗಡಿಯವರು ಮೂಲೆಯಲ್ಲಿ ನಾಲ್ಕು ಪಾಕೀಟು ಊದಿನಕಡ್ಡಿ ಇಟ್ಟರೆ ಲೆಕ್ಕ ಬದಲಾಗುತ್ತದೆ. ಆಗ 40 ಲಕ್ಷದ ಮಿತಿ ನೋಡುವಾಗ ತರಕಾರಿ ಮಾರಿದ ಹಣವೂ ಸೇರುತ್ತದೆ. ತೆರಿಗೆ ಮಾತ್ರ ಊದಿನಕಡ್ಡಿಗೆ. ನೋಂದಣಿಯ ಮಿತಿ ಬೇರೆ, ತೆರಿಗೆ ಬೀಳುವ ಸರಕು ಬೇರೆ. ಓದಿದವರೂ ಇವೆರಡನ್ನು ಕಲಸಿಬಿಡುತ್ತಾರೆ. ಬ್ಯಾಡಗಿ ಸೀಮೆಯವರಿಗೆ ಇನ್ನೂ ಹತ್ತಿರದ ಉದಾಹರಣೆ ಬೇಕಾದರೆ: ಹಸಿಮೆಣಸಿನಕಾಯಿಗೆ ಜಿಎಸ್‌ಟಿ ಇಲ್ಲ, ಒಣಮೆಣಸಿನಕಾಯಿಗೆ ಶೇ 5. ತಾನು ಬೆಳೆದದ್ದನ್ನು ಮಾರುವ ರೈತನಿಗೆ ನೋಂದಣಿ ಬೇಡ, ಅದನ್ನೇ ಕೊಂಡು ಮಾರುವ ವ್ಯಾಪಾರಿಗೆ ಆ ರಕ್ಷಣೆ ಇಲ್ಲ.

'ಫೋನ್‌ಪೇ ಬಂದ್ ಮಾಡ್ರಿ, ಕ್ಯಾಶ್ ತಗೋರಿ' ಎಂಬ ಸಲಹೆಯೂ ಧಾರಾಳವಾಗಿ ಸಿಗುತ್ತದೆ. ಬೆಂಗಳೂರಿನಲ್ಲಿ ಆಗ ಕ್ಯೂಆರ್ ಕೋಡ್ ತೆಗೆದು 'ಓನ್ಲಿ ಕ್ಯಾಶ್' ಬೋರ್ಡ್ ಹಾಕಿದವರು ಕಡಿಮೆಯೇನಲ್ಲ. ಯುಪಿಐಗೆ ತೆರಿಗೆ ಇಲ್ಲ. ಅದು ವಹಿವಾಟಿನ ಸಾಕ್ಷಿ ಮಾತ್ರ. ನಗದಿನಲ್ಲಿ ಮಾರಿದ್ದೂ ವಹಿವಾಟೇ. ಹಾಗಂತ ಖಾತೆಗೆ ಬಂದದ್ದೆಲ್ಲ ಮಾರಾಟವೂ ಅಲ್ಲ. ತಮ್ಮ ಕಳಿಸಿದ ದುಡ್ಡು, ವಾಪಸ್ ಬಂದ ಕೈಗಡ ಇವನ್ನು ದಾಖಲೆ ಸಮೇತ ಬೇರೆ ಮಾಡಿ ತೋರಿಸಬಹುದು. ವಿದ್ಯಾರ್ಥಿಗೆ ನಿಜವಾಗಿ ಸಹಾಯ ಮಾಡುವ ಮನಸ್ಸಿದ್ದರೆ ಪಾಸ್‌ಬುಕ್ ಹಿಡಿದು ಕೂತು ಈ ಕೆಲಸ ಮಾಡಿಕೊಡಬೇಕು.

ನೋಟಿಸ್ ಬಂತೆಂದರೆ ಅಷ್ಟೂ ಹಣ ಕಟ್ಟಲೇಬೇಕು ಅಂತಲೂ ಅಲ್ಲ, ಹರಿದು ಬಿಸಾಕಿದರೆ ಮುಗೀತು ಅಂತಲೂ ಅಲ್ಲ. ಅದು ವಿವರಣೆ ಕೇಳುವ ಕಾಗದ. ಮುಖ್ಯಮಂತ್ರಿ ಸಿದ್ದರಾಮಯ್ಯ ವ್ಯಾಪಾರಿಗಳ ಸಭೆ ಕರೆದ ಮೇಲೆ ಗದ್ದಲ ತಣ್ಣಗಾಯಿತು ನಿಜ, ಆದರೆ ಸಭೆಯ ಭರವಸೆ ಕಾನೂನಿನ ಉತ್ತರಕ್ಕೆ ಬದಲಿಯಲ್ಲ. ಉತ್ತರ ಕೊಡದೆ ಕೂತರೆ ಇಲಾಖೆ ಆದೇಶ ಹೊರಡಿಸುತ್ತದೆ. ಆಮೇಲೆ ಮೇಲ್ಮನವಿಗೆ ಮೂರು ತಿಂಗಳ ಗಡುವು, ಜತೆಗೆ ವಿವಾದದಲ್ಲಿರುವ ತೆರಿಗೆಯ ಶೇ 10 ಮೊದಲೇ ಕಟ್ಟಬೇಕು. 29 ಲಕ್ಷದ ತೆರಿಗೆ ಎಂದಾದರೆ 2.90 ಲಕ್ಷ. ತೆರಿಗೆಯೇ ಇಲ್ಲದ ಟೊಮ್ಯಾಟೊ, ಬದನೆಕಾಯಿ ಮಾರಿದವರು ಒಂದು ಪುಟದ ಉತ್ತರ ಬರೆಯದಿದ್ದಕ್ಕೆ ಹೂಡಬೇಕಾದ ದುಡ್ಡು ಅದು.