ಫೈನಲ್ ಬಂದ್ರ ಇವನು ಆಡಲ್ಲ ಅಂತೀಯಲ್ಲ, ಬಾ ಲೆಕ್ಕ ಹಾಕೋಣ

(1/5)
ಕ್ಲಾಸ್ ಗ್ರೂಪ್‌ನಲ್ಲಿ ದಿನಾ ಇದೇ ಜಗಳ. ಅದಕ್ಕ ಒಮ್ಮೆಗೇ ಬರೆದು ಮುಗಿಸ್ತೀನಿ. ಉದ್ದ ಐತಿ, ಐದು ಪೋಸ್ಟ್. ಓದೋ ತಾಳ್ಮೆ ಇಲ್ಲದವರು ಲೈಕ್ ಒತ್ತಿ ಮುಂದ ಹೋಗ್ರಿ, ಬೇಜಾರಿಲ್ಲ.

ಒಂದು ಗುಂಪು ಅಂತೈತಿ: ಕೊಹ್ಲಿ ಲೀಗ್‌ನಲ್ಲಿ ಹುಲಿ, ಪ್ಲೇಆಫ್ ಬಂದ್ರ ಇಲಿ. ಇನ್ನೊಂದು ಗುಂಪು: 2025ರ ಕಪ್ ಗೆಲ್ಸಿಕೊಟ್ಟವನೇ ಕೊಹ್ಲಿ, ಬಾಯಿ ಮುಚ್ಚು. ಎರಡೂ ಕಡೆ ನನ್ನ ದೋಸ್ತರೇ ಅದಾರ. ಎರಡೂ ಮಾತು ಸುಳ್ಳು.

ಮೊದಲು ನಂಬರ್ ಇಡ್ತೀನಿ, ಮುಚ್ಚಿಡೋದು ಬ್ಯಾಡ. 2009ರಿಂದ 2024ರ ತನಕ ಐಪಿಎಲ್ ಪ್ಲೇಆಫ್‌ನಲ್ಲಿ ಕೊಹ್ಲಿ ಆಡಿದ್ದು 15 ಮ್ಯಾಚ್, ಹೊಡೆದದ್ದು 341 ರನ್, ಸರಾಸರಿ 26. ಒಟ್ಟಾರೆ ಐಪಿಎಲ್‌ನಲ್ಲಿ ಅವನ ಸರಾಸರಿ 39ರ ಆಸುಪಾಸು. 2025ರಲ್ಲಿ ಮೊದಲ ಕ್ವಾಲಿಫೈಯರ್‌ನಲ್ಲಿ 12, ಫೈನಲ್‌ನಲ್ಲಿ 43. ಅದನ್ನೂ ಸೇರಿಸಿದ್ರ 17 ಮ್ಯಾಚ್, 396 ರನ್. ಕಪ್ ಬಂತು, ಸರಾಸರಿ ಮಾತ್ರ 26ರ ಹತ್ತಿರಾನೇ ಕುಂತೈತಿ.

2016 ನೆನಪು ಮಾಡ್ಕೋ. ಆ ಸೀಸನ್ 973 ರನ್, ನಾಲ್ಕು ಸೆಂಚುರಿ. ಅದ್ರಾಗ ಲೀಗ್‌ನ 14 ಮ್ಯಾಚ್‌ನಲ್ಲೇ 919. ಕ್ವಾಲಿಫೈಯರ್‌ನಲ್ಲಿ ಸೊನ್ನೆ, ಫೈನಲ್‌ನಲ್ಲಿ 54.

ಇಷ್ಟು ನೋಡಿದ ಕೂಡಲೇ "ಚೋಕರ್" ಅಂತ ಸೀಲ್ ಹೊಡೆದು ಫೈಲ್ ಮುಚ್ಚಿಬಿಡ್ತೀಯ. ನನ್ನ ತಕರಾರು ನಂಬರ್ ಮ್ಯಾಗ ಅಲ್ಲ, ಆ ಸೀಲ್ ಮ್ಯಾಗ. ನಂಬರ್ ಹೇಳೋದು ಏನಾಯ್ತು ಅಂತ. ಸೀಲ್ ಹೇಳೋದು ಅವನು ಎಂಥಾ ಮನುಷ್ಯ ಅಂತ. ಒಂದರಿಂದ ಇನ್ನೊಂದಕ್ಕ ಜಿಗಿಯಾಕ ನಿನಗ ಪರ್ಮಿಶನ್ ಕೊಟ್ಟವರು ಯಾರು?

(2/5)
ನಾವು ಬಿಕಾಂನವರು ಮಾರಾಯ. ಸ್ಟ್ಯಾಟಿಸ್ಟಿಕ್ಸ್ ಪೇಪರ್ ಬರೆದು ಪಾಸಾದವರು. ಸ್ಯಾಂಪಲ್ ಸಣ್ಣದಿದ್ರ ಸರಾಸರಿ ಹೆಂಗ ಕುಣೀತೈತಿ ಅನ್ನೋದು ಪರೀಕ್ಷೆ ಹಾಲ್‌ನಲ್ಲೇ ಬಿಟ್ಟು ಬಂದ್ವೇನು?

ಆ 15 ಮ್ಯಾಚ್‌ನಲ್ಲಿ ಒಂದು ಇನ್ನಿಂಗ್ಸ್ ಐತಿ: 2011ರ ಮೊದಲ ಕ್ವಾಲಿಫೈಯರ್, ಚೆನ್ನೈ ವಿರುದ್ಧ ಔಟಾಗದೆ 70. ಅದೊಂದನ್ನ ತೆಗೆದು ನೋಡು, ಸರಾಸರಿ 26ರಿಂದ 21ಕ್ಕ ಬೀಳ್ತೈತಿ. ಒಂದೇ ಸಂಜೆಯ ಆಟ ಐದು ರನ್ ಎತ್ತತೈತಿ ಅಂದ್ರ, ಅಂಥಾದ್ದೇ ಇನ್ನೆರಡು ಸಂಜೆ ಸಿಕ್ಕಿದ್ರ ಅವನು "ದೊಡ್ಡ ಮ್ಯಾಚ್‌ನ ಆಟಗಾರ" ಆಗಿರ್ತಿದ್ದ. ಹದಿನಾರು ವರ್ಷದಾಗ ಹದಿನೈದು ಮ್ಯಾಚ್. ವರ್ಷಕ್ಕ ಒಂದೂ ಬೀಳಲ್ಲ.

ಇನ್ನೊಂದು, ಪ್ಲೇಆಫ್‌ನಲ್ಲಿ ಎದುರಿಗೆ ಇರೋದು ಯಾರು? ಪಾಯಿಂಟ್ಸ್ ಟೇಬಲ್‌ನ ಮೇಲಿನ ನಾಲ್ಕು ತಂಡ ಮಾತ್ರ. ಲೀಗ್‌ನಲ್ಲಿ ಕೆಳಗಿನ ತಂಡದ ಮೂರನೇ, ನಾಲ್ಕನೇ ಬೌಲರ್‌ಗೆ ಹೊಡೆದ ರನ್ ಸರಾಸರಿ ಏರಿಸ್ತಾವ. ಪ್ಲೇಆಫ್ ಹೊತ್ತಿಗೆ ಆ ಬೌಲರ್‌ಗಳು ಮನೆಗೆ ಹೋಗಿ ಟಿವಿ ನೋಡ್ತಿರ್ತಾರ. ಹಂಗಾಗಿ ಲೀಗ್ ಸರಾಸರಿ ಪಕ್ಕ ಪ್ಲೇಆಫ್ ಸರಾಸರಿ ಇಟ್ಟು ತೂಗೋದು ಅಂದ್ರ, ಸೋನಾ ಮಸೂರಿ ತೂಕ ಮಾಡಿ ನುಚ್ಚಿನ ರೇಟ್ ಕಟ್ಟಿದಂಗ. ಗಂಗಾವತಿ ಕಡೆಯವರಿಗೆ ಇದನ್ನ ಬಿಡಿಸಿ ಹೇಳೋದು ಬ್ಯಾಡ.

"ಹಂಗಾದ್ರ ರೈನಾ?" ಅಂತ ಕೇಳ್ತೀಯ. ಕೇಳು, ಒಳ್ಳೇ ಪ್ರಶ್ನೆ. ಸುರೇಶ್ ರೈನಾ ಪ್ಲೇಆಫ್‌ನಲ್ಲಿ 24 ಮ್ಯಾಚ್ ಆಡಿ 714 ರನ್ ಹೊಡೆದಾನ, ಸರಾಸರಿ 37ರ ಮ್ಯಾಲ. ಅವನ ಒಟ್ಟು ಐಪಿಎಲ್ ಸರಾಸರಿ 32ರ ಹತ್ತಿರ. ಅಂದ್ರ ಪ್ಲೇಆಫ್‌ನಲ್ಲಿ ಅವನ ಆಟ ಏರೈತಿ. ಕೊಹ್ಲಿ ಫ್ಯಾನ್ಸ್ ಬೈದ್ರೂ ಪರವಾಗಿಲ್ಲ, ಪ್ಲೇಆಫ್ ಬ್ಯಾಟಿಂಗ್ ಅಷ್ಟೇ ನೋಡಿದ್ರ ರೈನಾ ಮುಂದ ಅದಾನ. ನಾನು ಆರ್‌ಸಿಬಿ ಟಿ-ಶರ್ಟ್ ಹಾಕ್ಕೊಂಡೇ ಇದನ್ನ ಟೈಪ್ ಮಾಡ್ತಿದೀನಿ.

ಆದ್ರ ಇದನ್ನೂ ನೋಡು. 2011ರ ಆ ಕ್ವಾಲಿಫೈಯರ್‌ನಲ್ಲಿ ಕೊಹ್ಲಿ ಔಟಾಗದೆ 70, ರೈನಾ ಔಟಾಗದೆ 73. ಅದೇ ಪಿಚ್, ಅದೇ ರಾತ್ರಿ. ಚೆನ್ನೈ ಕೊನೇ ಓವರ್‌ನಲ್ಲಿ ಗೆದ್ದಿತು. 73 ಹೊಡೆದವನು ಹೀರೋ, 70 ಹೊಡೆದವನ ಇನ್ನಿಂಗ್ಸ್ ನಿಮಗ್ಯಾರಿಗೂ ನೆನಪೇ ಇಲ್ಲ.

(3/5)
ಈಗ ಅಸಲಿ ವಿಷಯ. ಬ್ಯಾಟ್ಸ್‌ಮನ್ ಬೌಲಿಂಗ್ ಮಾಡಲ್ಲ!

2016ರ ಫೈನಲ್, ಚಿನ್ನಸ್ವಾಮಿ. ಹೈದರಾಬಾದ್ 208. ಗೇಲ್ 38 ಬಾಲಿಗೆ 76, ಕೊಹ್ಲಿ 35 ಬಾಲಿಗೆ 54, ಮೊದಲ ವಿಕೆಟ್‌ಗೇ 114. ಆದ್ರೂ 8 ರನ್‌ನಿಂದ ಸೋತ್ವಿ. ಯಾಕ? ನಂತರದವರು ಸಾಲಾಗಿ ಔಟಾದ್ರು, ನಿಜ. ಅದಕ್ಕೂ ಮುಂಚೆ ವಾಟ್ಸನ್ 4 ಓವರ್‌ನಲ್ಲಿ 61 ರನ್ ಕೊಟ್ಟಿದ್ದ.

2025ರ ಜೂನ್ 3, ಅಹಮದಾಬಾದ್. ಕೊಹ್ಲಿ ಮತ್ತೆ 35 ಬಾಲ್ ಆಡಿದ, ಈ ಸಲ 43. 2016ರಕ್ಕಿಂತ 11 ರನ್ ಕಡಿಮೆ. ಮ್ಯಾಚ್ ನಡೀತಿದ್ದಾಗ "ಇವನೇ ಸೋಲಿಸ್ತಾನ" ಅಂತ ಸ್ಟೇಟಸ್ ಹಾಕಿದವರ ಸ್ಕ್ರೀನ್‌ಶಾಟ್ ನನ್ನ ಹತ್ರ ಅದಾವ, ಹುಷಾರ್ 😄 ಆರ್‌ಸಿಬಿ 190, ಪಂಜಾಬ್ 184. 6 ರನ್‌ನಿಂದ ಗೆದ್ವಿ. ಗೆಲ್ಸಿದ್ದು ಯಾರು? ಕೃಣಾಲ್ ಪಾಂಡ್ಯ, 4 ಓವರ್, 17 ರನ್, 2 ವಿಕೆಟ್. ಪಂದ್ಯಶ್ರೇಷ್ಠನೂ ಅವನೇ.

ಅಷ್ಟೇ ಬಾಲ್‌ನಲ್ಲಿ ಹೆಚ್ಚು ರನ್ ಹೊಡೆದಾಗ "ಚೋಕರ್", ಕಡಿಮೆ ಹೊಡೆದಾಗ "ಕಿಂಗ್". ನಡುವೆ ಬದಲಾದದ್ದು ಕೊಹ್ಲಿ ಎದೆಗಾರಿಕೆ ಅಲ್ಲ. 4 ಓವರ್‌ಗೆ 61 ಹೋಗಿ 17 ಆಯ್ತು.

ಅನಿಲ್ ಕುಂಬ್ಳೆ ಕಥೆ ಇನ್ನೂ ಹೊಟ್ಟೆ ಉರಿಸ್ತೈತಿ. 2009ರ ಫೈನಲ್, ಜೋಹಾನ್ಸ್‌ಬರ್ಗ್. ಕ್ಯಾಪ್ಟನ್ ತಾನೇ ಬಾಲ್ ತಗೊಂಡು ಮೊದಲ ಓವರ್‌ನಲ್ಲೇ ಗಿಲ್‌ಕ್ರಿಸ್ಟ್‌ನ ಸೊನ್ನೆಗೆ ಬೌಲ್ಡ್ ಮಾಡಿದ. 16 ರನ್‌ಗೆ 4 ವಿಕೆಟ್, ಪಂದ್ಯಶ್ರೇಷ್ಠ. ಆದ್ರ ಬ್ಯಾಟಿಂಗ್ ಕೈಕೊಟ್ಟು 6 ರನ್‌ನಿಂದ ಸೋತ್ವಿ. ದವಡೆ ಮುರಿದ್ರೂ ಪಟ್ಟಿ ಕಟ್ಟಿಕೊಂಡು ಬೌಲ್ ಮಾಡಿದ ಮನುಷ್ಯಾಗ ಫೈನಲ್ ಗೆಲ್ಲೋ ಗಟ್ಸ್ ಇರ್ಲಿಲ್ಲ ಅಂತೀಯೇನು?

2014ರ ಫೈನಲ್: ಸಹಾ ಔಟಾಗದೆ 115 ಹೊಡೆದು ಸೋತ. ನಮ್ಮ ಮನೀಶ್ ಪಾಂಡೆ ಕೋಲ್ಕತ್ತಾ ಪರ 94 ಹೊಡೆದು ಗೆದ್ದ. ಅದೇ ವರ್ಷ ರೈನಾ ಕ್ವಾಲಿಫೈಯರ್‌ನಲ್ಲಿ 25 ಬಾಲಿಗೆ 87 ಹೊಡೆದ, ನಾನು ನೋಡಿದ್ರಲ್ಲಿ ಅತಿ ಹುಚ್ಚು ಇನ್ನಿಂಗ್ಸ್. ಚೆನ್ನೈ ಸೋತಿತು, ಯಾಕಂದ್ರ ಅದಕ್ಕೂ ಮುಂಚೆ ಪಂಜಾಬ್ 226 ಹೊಡೆದಿತ್ತು.

ಅಮೆರಿಕದವರ ಫುಟ್‌ಬಾಲ್‌ನಲ್ಲೂ ಇದೇ ಗೋಳು. ಅಲ್ಲಿ ಕ್ವಾರ್ಟರ್‌ಬ್ಯಾಕ್ ಅಂತ ಇರ್ತಾನ, ಹೆಚ್ಚುಕಮ್ಮಿ ಪ್ರತಿ ದಾಳಿನೂ ಅವನ ಕೈಯಿಂದಾನೇ ಶುರು. ಎದುರಾಳಿ ದಾಳಿಗೆ ಬಂದಾಗ ಅವನು ಬೆಂಚ್ ಮ್ಯಾಗ ಕುಂತು ನೋಡ್ಬೇಕು, ಥೇಟ್ ನಮ್ಮ ಔಟಾದ ಬ್ಯಾಟ್ಸ್‌ಮನ್ ಹಂಗ. ಟಾಮ್ ಬ್ರೇಡಿ 2018ರ ಸೂಪರ್ ಬೌಲ್‌ನಲ್ಲಿ 505 ಗಜ ಪಾಸ್ ಮಾಡಿ 41-33ರಿಂದ ಸೋತ. ಮರುವರ್ಷ 262 ಗಜ, ಒಂದೂ ಟಚ್‌ಡೌನ್ ಪಾಸ್ ಇಲ್ಲ, 13-3ರಿಂದ ಗೆದ್ದ. ಏಳು ಸೂಪರ್ ಬೌಲ್ ಗೆದ್ದವನ ಲೆಕ್ಕನೇ ಹಿಂಗ.

(4/5)
"ಇದೆಲ್ಲಾ ಟೈಮ್‌ಪಾಸ್ ಜಗಳ, ಇಷ್ಟ್ಯಾಕ ತಲೆ ಕೆಡಿಸ್ಕೊಂತಿ?" ಅಂತ ಕೇಳಬಹುದು. ಕೋಟಿ ಕೋಟಿ ದುಡಿಯೋ ಕೊಹ್ಲಿಗೆ ನಮ್ಮ ಕಮೆಂಟ್‌ನಿಂದ ಏನೂ ಆಗಲ್ಲ, ಒಪ್ಪಿದೆ.

ಆದ್ರ ಈ ಮಾತು ಮೊಬೈಲ್‌ನಲ್ಲಿ ನಿಲ್ಲಲ್ಲ, ಇಳಿದು ಊರಿಗೆ ಬರ್ತೈತಿ. ಭತ್ತ ಕೊಯ್ಲಾದ ಮ್ಯಾಗ ಹೇಮಗುಡ್ಡದ ಸುತ್ತಮುತ್ತ ಟೆನಿಸ್ ಬಾಲ್ ಟೂರ್ನಿ ನಡೀತಾವಲ್ಲ, ಅಲ್ಲಿ ನಮ್ಮ ಕಡೆ ಒಬ್ಬ ಹುಡುಗ ಬೌಲರ್ ಇದ್ದ. ಹೆಸರು ಬ್ಯಾಡ. ಟೂರ್ನಿ ಪೂರ್ತಿ ಕೊನೇ ಓವರ್ ಅವನದ್ದೇ. ಫೈನಲ್‌ನಲ್ಲಿ 9 ರನ್ ಉಳಿಸ್ಬೇಕಿತ್ತು, ಉಳೀಲಿಲ್ಲ. ಒಂದು ಬಾಲ್ ಕ್ಯಾಚ್ ಬಿಟ್ಟಿದ್ದು, ಇನ್ನೊಂದು ಎಡ್ಜ್ ಆಗಿ ಕೀಪರ್ ಪಕ್ಕದಿಂದ ಫೋರ್. ಆರೇ ಬಾಲ್. ಅವತ್ತು ರಾತ್ರಿಯೇ ಗ್ರೂಪ್‌ನಲ್ಲಿ ಸ್ಟಿಕ್ಕರ್ ತಯಾರು. ಆಮೇಲೆ ಅಂಗಡಿ ಮುಂದ, ಬಸ್ಸಿನಾಗ, ಎಲ್ಲಿ ಕಂಡ್ರೂ "ಏ ಫೈನಲ್" ಅಂತ ಕೂಗೋದು. ಹುಡುಗ ಒಂದೆರಡು ತಿಂಗಳು ನಕ್ಕ. ಆಮೇಲೆ ಬರೋದೇ ಬಿಟ್ಟ. ಮರುವರ್ಷ ನಮ್ಮ ತಂಡಕ್ಕ ಕೊನೇ ಓವರ್ ಹಾಕೋರೇ ಇಲ್ಲ, ಎರಡನೇ ಮ್ಯಾಚ್‌ಗೇ ಹೊರಗ.

ಕೇಳ್ತೀನಿ: ಟೂರ್ನಿ ಪೂರ್ತಿ ಗೆಲ್ಸಿದ ಓವರ್‌ಗಳು ಒತ್ತಡದ ಓವರ್ ಅಲ್ವಾ? ಸೆಮಿಫೈನಲ್ ಕೊನೇ ಓವರ್‌ನಲ್ಲಿ ಅವನ ಕೈ ನಡುಗಲಿಲ್ಲ, ಫೈನಲ್‌ನಲ್ಲಿ ಮಾತ್ರ ನಡುಗ್ತೇನು? ಕ್ಯಾಚ್ ಬಿಟ್ಟವನಿಗೆ ಸ್ಟಿಕ್ಕರ್ ಇಲ್ಲ, ಅವನು ಈಗಲೂ ಆಡ್ತಾನ. ಆಡ್ಲಿ, ಅವನ ಮ್ಯಾಗೂ ನನಗ ಸಿಟ್ಟಿಲ್ಲ. ಸಿಟ್ಟು ಇರೋದು ಬೌಂಡರಿ ಗೆರೆ ಆಚೆ ಕುಂತು ಶೇಂಗಾ ತಿಂತಾ ಆರು ಬಾಲ್ ನೋಡಿ ಒಬ್ಬನ ಎದೆಗಾರಿಕೆ ಅಳೆಯೋರ ಮ್ಯಾಗ.

(5/5)
ಹಂಗಂತ ಹೋಲಿಕೆನೇ ಮಾಡಬಾರ್ದು ಅಂತಿಲ್ಲ. ಹೋಲಿಕೆ ಇಲ್ದಿದ್ರ ನಮಗ ಮಾತಾಡಾಕ ಏನೈತಿ? ಆದ್ರ ರನ್ ಪಕ್ಕ ಪರಿಸ್ಥಿತಿ ಬರಿ. ಅವನು ಬಂದಾಗ ಸ್ಕೋರ್ ಎಷ್ಟು, ಎದುರಿಗೆ ಯಾರು, ಬೇಕಿದ್ದದ್ದು ಎಷ್ಟು, ಕೊಟ್ಟದ್ದು ಎಷ್ಟು.

ಆ ಲೆಕ್ಕದಲ್ಲಿ ಆರ್‌ಸಿಬಿ ಪ್ಲೇಆಫ್ ಇನ್ನಿಂಗ್ಸ್‌ಗಳಲ್ಲಿ ನನ್ನ ನಂಬರ್ ಒನ್ ಎಬಿ ಡಿವಿಲಿಯರ್ಸ್. 2016ರ ಕ್ವಾಲಿಫೈಯರ್, ಗುಜರಾತ್ 158 ಹೊಡೆದಿತ್ತು, ನಮ್ಮದು 29 ರನ್‌ಗೆ 5 ವಿಕೆಟ್. ಎಲ್ಲರೂ ಟಿವಿ ಆಫ್ ಮಾಡೋ ಹೊತ್ತು. 47 ಬಾಲಿಗೆ ಔಟಾಗದೆ 79, ಫೈನಲ್‌ಗೆ ಹೋದ್ವಿ. ಅದೇ ಎಬಿ ಐದು ದಿನದ ಮ್ಯಾಗ ಫೈನಲ್‌ನಲ್ಲಿ 5 ರನ್‌ಗೆ ಔಟ್. ಈಗ ಹೇಳು, ಅವನಿಗೆ ಯಾವ ಸೀಲ್ ಹೊಡೀತಿ? ಮೇ 24ರದ್ದೋ, ಮೇ 29ರದ್ದೋ?

ನಂಬರ್ ಟು ರಜತ್ ಪಾಟೀದಾರ್. 2022ರ ಎಲಿಮಿನೇಟರ್, 54 ಬಾಲಿಗೆ ಔಟಾಗದೆ 112. ಆ ವರ್ಷ ಹರಾಜಿನಲ್ಲಿ ಅವನನ್ನ ಯಾರೂ ತಗೊಂಡಿರ್ಲಿಲ್ಲ. ಗಾಯ ಆದ ನಮ್ಮ ಕರ್ನಾಟಕದ ಲವನಿತ್ ಸಿಸೋಡಿಯಾ ಜಾಗಕ್ಕ ಸೀಸನ್ ನಡುವೆ ಬಂದ. ಮೂರು ವರ್ಷದ ಮ್ಯಾಗ ಅವನೇ ಕ್ಯಾಪ್ಟನ್ ಆಗಿ ಕಪ್ ಎತ್ತಿದ.

ಮೂರನೇದು 2011ರಲ್ಲಿ ಕೊಹ್ಲಿಯ ಆ 70, ಸೋತ್ರೂ ಸರಿ.

ನಿನ್ನ ಮೂರು ಕಮೆಂಟ್‌ನಲ್ಲಿ ಹಾಕು. ಬರೀ ರನ್ ಬರೆದ್ರ ಲೆಕ್ಕಕ್ಕಿಲ್ಲ, ಪಕ್ಕ ಪರಿಸ್ಥಿತಿನೂ ಇರ್ಬೇಕು. "ಚೋಕರ್" ಅಂತ ಬರೆದವರ ಕಮೆಂಟ್ ಡಿಲೀಟ್ ಮಾಡಲ್ಲ, ಆದ್ರ ಉತ್ತರ ಕೊಡ್ತೀನಿ, ನನಗ ಸೆಮಿಸ್ಟರ್ ರಜೆ ಐತಿ.

#ಆರ್‌ಸಿಬಿ #ಪ್ಲೇಆಫ್‌ಲೆಕ್ಕ #ಹೇಮಗುಡ್ಡ #ಗಂಗಾವತಿಹುಡುಗ್ರು #ಬಿಕಾಂಬಾಯ್ಸ್