ಐವತ್ತು ಮೀಟರು, ಆದರೆ ಎಲ್ಲಿಂದ?

ಪ್ರಯೋಗಶಾಲೆಯಲ್ಲಿ ವರ್ನಿಯರ್ ಕ್ಯಾಲಿಪರನ್ನು ಮೊದಲ ಬಾರಿ ಹಿಡಿದ ವಿದ್ಯಾರ್ಥಿಗೆ ನಾವು ಕೇಳುವ ಮೊದಲ ಪ್ರಶ್ನೆ, “ಶೂನ್ಯದೋಷ ನೋಡಿದೆಯೇನಪ್ಪ?” ಎಂಬುದು. ಸೊನ್ನೆ ಎಲ್ಲಿದೆಯೆಂದು ತಿಳಿಯದೆ ಬರೆದಿಟ್ಟ ಅಳತೆ ಎಷ್ಟು ದಶಮಾಂಶ ಸ್ಥಾನಗಳವರೆಗೆ ಹೋಗಿದ್ದರೂ ಅದಕ್ಕೆ ಅಂಕವಿಲ್ಲ. ಹದಿನೇಳು ವರ್ಷದ ಹುಡುಗರಿಂದ ಬಯಸುವ ಈ ಎಚ್ಚರವನ್ನು ನಗರದ ಭೂಬಳಕೆಯ ನಿಯಮಗಳನ್ನು ರಚಿಸುವವರಿಂದಲೂ ಬಯಸುವುದು ತಪ್ಪಾಗಲಾರದು.

ಬೆಂಗಳೂರಿನ ಉದಾಹರಣೆಯನ್ನೇ ನೋಡೋಣ. ಇದು ದೊಡ್ಡ ಹೊಳೆಯಿಲ್ಲದ, ದಿಣ್ಣೆಯ ಮೇಲಿನ ಊರು. ಒಂದು ಕೆರೆಯ ಕೋಡಿ ಬಿದ್ದ ನೀರು ರಾಜಕಾಲುವೆಯಲ್ಲಿ ಇಳಿದು ಮುಂದಿನ ಕೆರೆಯನ್ನು ಸೇರುವುದು ಇಲ್ಲಿಯ ಹಳೆಯ ಏರ್ಪಾಡು. ಆದಕಾರಣ ಇಲ್ಲಿ ನೆರೆಬಯಲೆಂದರೆ ಕೆರೆಗಳ ಸುತ್ತಣ ತಗ್ಗು ಮತ್ತು ರಾಜಕಾಲುವೆಗಳ ಇಕ್ಕೆಲ. 2007ರಲ್ಲಿ ಜಾರಿಗೆ ಬಂದ ಪರಿಷ್ಕೃತ ಮಹಾಯೋಜನೆಯು ಕೆರೆಯ ಸುತ್ತ 30 ಮೀಟರು, ರಾಜಕಾಲುವೆಗಳಿಗೆ ಅವುಗಳ ದರ್ಜೆಗನುಸಾರವಾಗಿ 50, 25 ಮತ್ತು 15 ಮೀಟರು ಜಾಗವನ್ನು ಕಟ್ಟಡಗಳಿಲ್ಲದೆ ಬಿಡಬೇಕೆಂದು ವಿಧಿಸಿತು. ಕಾಲುವೆಯ ಅಳತೆ ಅದರ ಮಧ್ಯರೇಖೆಯಿಂದ. 2016ರ ಮೇ ತಿಂಗಳಲ್ಲಿ ರಾಷ್ಟ್ರೀಯ ಹಸಿರು ನ್ಯಾಯಮಂಡಳಿಯು ಕೆರೆಗೆ 75 ಮೀಟರು, ಕಾಲುವೆಗಳಿಗೆ 50, 35 ಮತ್ತು 25 ಮೀಟರು ಎಂದು ಆದೇಶಿಸಿತು; ಕಾಲುವೆಯ ಅಳತೆ ಈ ಸಲ ಅಂಚಿನಿಂದ. 2019ರ ಮಾರ್ಚಿಯಲ್ಲಿ ಸರ್ವೋಚ್ಚ ನ್ಯಾಯಾಲಯವು, ಶಾಸನಬಲವುಳ್ಳ ಯೋಜನೆಯನ್ನು ತಿದ್ದುವ ಅಧಿಕಾರ ಮಂಡಳಿಗಿಲ್ಲವೆಂದು ಆ ನಿರ್ದೇಶನವನ್ನು ತೆಗೆದುಹಾಕಿತು.

ಮೊದಲನೆಯ ದರ್ಜೆಯ ಕಾಲುವೆಗೆ ಎರಡು ಕಡೆಯೂ ಸಂಖ್ಯೆ ಒಂದೇ, 50. ಬದಲಾದದ್ದು ಸೊನ್ನೆಯ ಸ್ಥಾನ ಮಾತ್ರ. ಕಾಲುವೆ 20 ಮೀಟರು ಅಗಲವಿದೆಯೆಂದು ಭಾವಿಸಿರಿ. ಮಧ್ಯರೇಖೆಯಿಂದ ಅಳೆದರೆ ದಡದಾಚೆ ಉಳಿಯುವುದು 40 ಮೀಟರು. ಅಂಚಿನಿಂದಾದರೆ ಪೂರಾ 50. ವ್ಯತ್ಯಾಸದ 10 ಮೀಟರೆಂದರೆ ಸುಮಾರು 33 ಅಡಿ. 30×40ರ ಒಂದು ನಿವೇಶನದ ಅಗಲ ಅದರೊಳಗೆ ಮುಳುಗಿಹೋಗುತ್ತದೆ. ಒಂದು ಕಿಲೋಮೀಟರು ಉದ್ದಕ್ಕೆ ಎರಡು ದಡಗಳಲ್ಲಿ ಸೇರಿ ಇದು ಎರಡು ಹೆಕ್ಟೇರು, ಅಂದರೆ ಸುಮಾರು ಐದು ಎಕರೆ. ಒಂದು ಪದಕ್ಕೆ ಇಷ್ಟು ಬೆಲೆಯಿದ್ದಲ್ಲಿ ವಕೀಲರಿಗೆ ಬಿಡುವಿರುವುದಾದರೂ ಹೇಗೆ?

ಅಂಚಾಗಲಿ ಮಧ್ಯರೇಖೆಯಾಗಲಿ ಸ್ಥಿರವಾದುದಲ್ಲವೆಂಬುದು ಇನ್ನೂ ದೊಡ್ಡ ತೊಡಕು. ಒಂದು ದಡದವರು ಐದು ಮೀಟರು ಒತ್ತರಿಸಿದರೆ ಅಂಚು ಅಷ್ಟು ಸರಿಯುತ್ತದೆ, ಮಧ್ಯರೇಖೆಯೂ ಎರಡೂವರೆ ಮೀಟರು ಸರಿಯುತ್ತದೆ. ಒತ್ತುವರಿದಾರನು ಜಾಗದೊಡನೆ ಅಳತೆಯ ಸೊನ್ನೆಯನ್ನೂ ಕದ್ದಂತಾಯಿತು. ಆದ್ದರಿಂದ ಯಾವ ವರ್ಷದ ಸರ್ವೆ ನಕ್ಷೆಯಲ್ಲಿರುವ ಅಂಚು ಎಂಬುದು ವ್ಯಾಖ್ಯೆಯಲ್ಲಿಯೇ ಇರಬೇಕು.

ಇಷ್ಟಾದರೂ ನಮಗೆ ಸಮಾಧಾನವಿಲ್ಲ. ನಿಯಮವು ಅಡ್ಡದೂರವನ್ನು ಅಳೆಯುತ್ತದೆ. ನೀರು ಹರಡುವುದು ಎತ್ತರವನ್ನು ನೋಡಿ. ಮಟ್ಟ ಅರ್ಧ ಮೀಟರು ಏರಿತೆನ್ನಿ. ಹತ್ತಕ್ಕೆ ಒಂದರಂತೆ ಏರುವ ನೆಲದಲ್ಲಿ ಅದು ಐದೇ ಮೀಟರು ಹರಡುತ್ತದೆ. ನೂರಕ್ಕೆ ಒಂದರಂತೆ ಏರುವ ನೆಲದಲ್ಲಿ ಐವತ್ತು ಮೀಟರು. ಎರಡಕ್ಕೂ 30 ಮೀಟರೆಂದರೆ ಮೊದಲನೆಯವನಿಗೆ ಅನ್ಯಾಯ, ಎರಡನೆಯವನಿಗೆ ಅಪಾಯ. ಹಿಂದಿನವರು ಕೆರೆಗೆ ಕೋಡಿ ಕಟ್ಟಿ ಅದರ ಎತ್ತರವನ್ನು ಕಲ್ಲಿನಲ್ಲಿಯೇ ನಿಲ್ಲಿಸಿದ್ದರು. ಕೋಡಿಯ ಮಟ್ಟವನ್ನು ಸೊನ್ನೆಯಾಗಿಟ್ಟು, ಅದರ ಮೇಲೆ ಇಷ್ಟು ಎತ್ತರದೊಳಗಿನ ನೆಲವೆಲ್ಲ ನೆರೆಬಯಲು ಎಂದು ಬರೆದರೆ, ಮಟ್ಟದ ಯಂತ್ರವಿರುವ ಯಾರು ಬೇಕಾದರೂ ಪರೀಕ್ಷಿಸಬಹುದು. ಕೋಡಿಯನ್ನು ತಗ್ಗಿಸದಂತೆ ಕಾಯುವುದು ಬೇರೆಯ ಮಾತು.

‘ಅಭಿವೃದ್ಧಿ’ ಎಂಬ ಪದದ ಅವಸ್ಥೆಯೂ ಹೀಗೆಯೇ. 1961ರ ಕರ್ನಾಟಕ ನಗರ ಮತ್ತು ಗ್ರಾಮಾಂತರ ಯೋಜನಾ ಅಧಿನಿಯಮವು ಕಟ್ಟಡ, ಎಂಜಿನಿಯರಿಂಗ್, ಗಣಿ ಮುಂತಾದ ಕಾರ್ಯಗಳನ್ನೂ ಭೂಬಳಕೆಯ ಬದಲಾವಣೆಯನ್ನೂ ಅಭಿವೃದ್ಧಿಯೆಂದು ಕರೆಯುತ್ತದೆ. ವ್ಯಾಖ್ಯೆ ವಿಶಾಲವಾಗಿದೆ, ಆದರೆ ಮಣ್ಣು ತುಂಬುವುದನ್ನು ಹೆಸರಿಸಿಲ್ಲ. ಅಮೆರಿಕದಲ್ಲಿ 1968ರ ಪ್ರವಾಹ ವಿಮೆಯ ಶಾಸನದ ಅಡಿಯಲ್ಲಿ ಬಂದ ನಿಯಮಗಳು ತುಂಬುವುದು, ಸಮಮಾಡುವುದು, ಅಗೆಯುವುದು, ನೆಲಹಾಸು ಹಾಕುವುದು, ಸಾಮಾನು ಪೇರಿಸಿಡುವುದು ಇವನ್ನೆಲ್ಲ ಹೆಸರಿಟ್ಟು ಹೇಳುತ್ತವೆ. ಇದು ಬರಿಯ ಪಾಂಡಿತ್ಯವಲ್ಲ. ನೆರೆಯ ಮಟ್ಟಕ್ಕಿಂತ ಒಂದು ಮೀಟರು ತಗ್ಗಿರುವ ಒಂದು ಹೆಕ್ಟೇರು ನೆಲವನ್ನು ತುಂಬಿ ಏರಿಸಿದರೆ ಅಲ್ಲಿ ನಿಲ್ಲಬೇಕಾಗಿದ್ದ ಒಂದು ಕೋಟಿ ಲೀಟರು ನೀರು ನೆರೆಯವನ ಅಂಗಳವನ್ನು ಹುಡುಕಿಕೊಂಡು ಹೋಗುತ್ತದೆ. ಒಂದು ಇಟ್ಟಿಗೆಯನ್ನೂ ಕಟ್ಟದೆ ಇದನ್ನು ಸಾಧಿಸಬಹುದು!

‘ನೂರು ವರ್ಷದ ನೆರೆ’ ಎಂಬ ಮಾತು ಮಾತ್ರ ಅಮೆರಿಕದವರನ್ನೂ ದಾರಿ ತಪ್ಪಿಸಿದೆ. ಒಮ್ಮೆ ಬಂದರೆ ಮತ್ತೆ ನೂರು ವರ್ಷ ನಿಶ್ಚಿಂತೆಯೆಂದು ಜನ ತಿಳಿಯುತ್ತಾರೆ. ಅದರ ಅರ್ಥ, ಯಾವುದೇ ವರ್ಷದಲ್ಲಿ ಅದು ಬರುವ ಸಂಭವ ನೂರಕ್ಕೆ ಒಂದು ಎಂದಷ್ಟೆ. ಮನೆಸಾಲ ತೀರಿಸುವ ಮೂವತ್ತು ವರ್ಷಗಳಲ್ಲಿ ಒಮ್ಮೆಯಾದರೂ ಬರುವ ಸಂಭವ ನೂರಕ್ಕೆ 26. 0.99ನ್ನು ಮೂವತ್ತು ಸಲ ಗುಣಿಸಿ ಒಂದರಿಂದ ಕಳೆದರೆ ವಾಚಕರೇ ಇದನ್ನು ಪರೀಕ್ಷಿಸಿಕೊಳ್ಳಬಹುದು.

ಕೇಂದ್ರ ಸರಕಾರವು ನೆರೆಬಯಲು ವಲಯಗಳಿಗಾಗಿ ಮಾದರಿ ಮಸೂದೆಯೊಂದನ್ನು 1975ರಲ್ಲಿಯೇ ರಾಜ್ಯಗಳಿಗೆ ಕಳುಹಿಸಿತ್ತು. ಮಣಿಪುರ 1978ರಲ್ಲಿ, ರಾಜಸ್ಥಾನ 1990ರಲ್ಲಿ ಶಾಸನ ಮಾಡಿದವು. ಕಟ್ಟುನಿಟ್ಟಾದ ವ್ಯಾಖ್ಯೆಯಿಂದ ಸಾಲ ಮಾಡಿ ನಿವೇಶನ ಕೊಂಡ ಬಡವನಿಗೆ ನಷ್ಟವಾಗುತ್ತದೆಂಬ ಆಕ್ಷೇಪ ಹುಸಿಯಲ್ಲ. ಅವನಿಗೆ ಪರಿಹಾರ ಸಲ್ಲಬೇಕು. ಆದರೆ 2022ರ ಸೆಪ್ಟೆಂಬರಿನಲ್ಲಿ ಬೆಂಗಳೂರಿನ ಪೂರ್ವಭಾಗದ ಬಡಾವಣೆಗಳಿಂದ ಟ್ರ್ಯಾಕ್ಟರು, ದೋಣಿಗಳಲ್ಲಿ ಹೊರಬಂದವರಲ್ಲಿ ಎಷ್ಟು ಮಂದಿ, ತಾವು ಕೊಳ್ಳುವ ನೆಲ ಕೋಡಿಯ ಮಟ್ಟಕ್ಕಿಂತ ಎಷ್ಟು ಎತ್ತರದಲ್ಲಿದೆಯೆಂಬುದನ್ನು ಕ್ರಯಪತ್ರದಲ್ಲಿ ಓದಿದ್ದರು? ಅಷ್ಟನ್ನು ಬರೆಯಲು ಒಂದು ಸಾಲು ಸಾಕಾಗಿತ್ತು.